ಧಾರೆಗೆ ಕಂಚೀನಾ, ಮೈಸೂರ್ ಸಿಲ್ಕಾ? ಇಬ್ರು ಅಮ್ಮಂದಿರ ಸೀರೆ ಆರಿಸೋ ಲೆಕ್ಕ

ಮದುವೆ ಜವಳಿ ತೆಗೆಯೋಕೆ ಅಂತ ಹೊರಟ್ರೆ ಅರ್ಧ ದಿನ ಹುಡುಗಿ ಸೀರೆಗೇ ಹೋಗತ್ತೆ, ಆಮೇಲೆ ಅತ್ತಿಗೆ ನಾದಿನಿಯರದ್ದು, ಸೋದರತ್ತೆದು, ನೆಂಟರಿಗೆ ಕೊಡೋ ಸೀರೆಗಳ ದೊಡ್ಡ ಗಂಟು, ಇಷ್ಟೆಲ್ಲ ಮುಗಿದು ಅಂಗಡಿಯವರು ಸೀರೆ ಮಡಿಚಿಡೋ ಹೊತ್ತಿಗೆ ಯಾರೋ ಒಬ್ರು "ಅಮ್ಮಾ, ನಿಂಗೆ?" ಅಂತಾರೆ. "ನಂಗ್ಯಾಕೆ ಬಿಡೇ, ಬೀರು ತುಂಬ ಇದೆ" ಅಂತ ಅಮ್ಮ ಅಂತಾರೆ, ಕೊನೆಗೆ ಎದುರಿಗೆ ಹರಡಿದ್ದರಲ್ಲೇ ಒಂದು ಮರೂನ್ ಬಣ್ಣದ್ದು ಪ್ಯಾಕ್ ಆಗತ್ತೆ. ಆದ್ರೆ ನೋಡಿ, ಮದುವೆ ದಿನ ಮದುಮಕ್ಕಳನ್ನ ಬಿಟ್ರೆ ಹೆಚ್ಚು ಹೊತ್ತು ಮಂಟಪದಲ್ಲಿ ಇರೋದು, ಹೆಚ್ಚು ಫೋಟೋದಲ್ಲಿ ಬೀಳೋದು ಇವರಿಬ್ರೇ. ಬೆಳಗಿನ ಜಾವ ಉಟ್ಟ ಸೀರೆ ಮಧ್ಯಾಹ್ನ ಊಟದ ತನಕ ಮೈಮೇಲಿರತ್ತೆ.

ಅದಕ್ಕೇ ನಾನು ಯಾರು ಕೇಳಿದ್ರೂ ಹೇಳೋದು ಒಂದೇ, ಯಾವ ಸೀರೆ ಚೆನ್ನಾಗಿದೆ ಅಂತ ಶುರು ಮಾಡ್ಬೇಡಿ, ಅದನ್ನ ಉಟ್ಕೊಂಡು ಅವರು ಅವತ್ತು ಏನೇನು ಕೆಲಸ ಮಾಡ್ಬೇಕು ಅಂತ ಶುರು ಮಾಡಿ. ನಾನಿಲ್ಲಿ ಬರೀತಿರೋದು ಹೆಚ್ಚಾಗಿ ಬೆಂಗಳೂರು ಮೈಸೂರು ಕಡೆ ಮದುವೆ ನೋಡ್ಕೊಂಡು, ಉತ್ತರ ಕರ್ನಾಟಕದ ಅಕ್ಕಿಕಾಳು ಮದುವೆಗೆ, ಕೊಡಗಿನ ಮದುವೆಗೆ ಶಾಸ್ತ್ರ ಬೇರೆ, ಆದ್ರೆ ಬಟ್ಟೆ ಲೆಕ್ಕ ಬಹುಪಾಲು ಹೊಂದತ್ತೆ.

ಹುಡುಗಿ ಅಮ್ಮನ ಕೆಲಸ ಬೇರೆ, ಹುಡುಗನ ಅಮ್ಮನ ಕೆಲಸ ಬೇರೆ

ಹುಡುಗಿ ಅಮ್ಮಂದು ಪೂರ್ತಿ ನೀರಿನ ಕೆಲಸ. ವರಪೂಜೆಲಿ ಅಳಿಯನ ಕಾಲು ತೊಳೆಯುವಾಗ ನೀರು ಹಾಕೋರು ಅವರೇ, ಧಾರೆಗೆ ಗಿಂಡಿ ಹಿಡಿಯೋರೂ ಅವರೇ. ಧಾರೆ ಹೊತ್ತು ಕಣ್ಮುಂದೆ ತಂದ್ಕೊಳ್ಳಿ: ಕೆಳಗೆ ಅಷ್ಟು ಜನರ ಕೈ ಒಂದರ ಮೇಲೊಂದು, ಮೇಲೆ ತೆಂಗಿನಕಾಯಿ, ಇವರು ಸ್ವಲ್ಪ ಬಗ್ಗಿ ನಿಂತು ಬಲಗೈ ಎತ್ತಿ ಸಣ್ಣಗೆ ನೀರು ಬಿಡ್ತಾ ಇರ್ಬೇಕು, ಪುರೋಹಿತರು ಗೋತ್ರ ಪ್ರವರ ಎಲ್ಲ ಹೇಳಿ ಮುಗಿಸೋ ತನಕ. ಕೈ ಎತ್ತಿದ ಕಡೆ ಬ್ಲೌಸ್ ಕಂಕುಳಲ್ಲಿ ಹಿಡೀತಿರತ್ತೆ, ಬಗ್ಗಿದ್ದಕ್ಕೆ ಸೆರಗು ಮುಂದಕ್ಕೆ ಜಾರ್ತಿರತ್ತೆ, ನೀರು ಮೊಣಕೈ ತನಕ ಇಳಿದು ಅಲ್ಲಿಂದ ನೆರಿಗೆ ಮೇಲೆ ತೊಟ್ಟಿಕ್ತಿರತ್ತೆ, ಕಣ್ಣಲ್ಲಿ ಬೇರೆ ನೀರು. ಫೋಟೋಗ್ರಾಫರ್ ಕ್ಲಿಕ್ ಮಾಡೋದು ಕರೆಕ್ಟಾಗಿ ಅದೇ ಹೊತ್ತಲ್ಲಿ. ಆಮೇಲೆ ನೆಂಟರೆಲ್ಲ ಸಾಲಾಗಿ ಬಂದು ಹಾಲೆರೆದು ಹೋಗ್ತಾರೆ. ಸಾಯಂಕಾಲ ಹೆಣ್ಣು ಒಪ್ಪಿಸೋ ಶಾಸ್ತ್ರದಲ್ಲಿ ಅಳೋದಂತೂ ಇದ್ದೇ ಇದೆ.

ಹುಡುಗನ ಅಮ್ಮಂಗೆ ಮಂಟಪದ ಮೇಲೆ ಅಷ್ಟು ಕೆಲಸ ಇರಲ್ಲ, ಆದ್ರೆ ಓಡಾಟ ಜಾಸ್ತಿ, ಧಾರೆ ಸೀರೆ ತಾಳಿ ತಟ್ಟೆ ಹಿಡ್ಕೊಂಡು ಬರೋದು, ತಮ್ಮ ಕಡೆ ಜನ ಎಲ್ಲ ಊಟ ಮಾಡಿದ್ರಾ ನೋಡೋದು, ರಿಸೆಪ್ಷನ್ನಲ್ಲಿ ನಿಂತೇ ಇರೋದು, ಅದೇ ರಾತ್ರಿನೋ ಮಾರನೇ ದಿನಾನೋ ಕಾರಲ್ಲಿ ಊರು ಸೇರಿ ಸೊಸೇನ ಮನೆ ತುಂಬಿಸ್ಕೊಳ್ಳೋದು. ಅವರಿಗೆ ಬೇಕಿರೋದು ಹಗುರ, ಸುಕ್ಕಾಗದೇ ಇರೋ ಸೀರೆ.

ಈಗ ಎರಡು ದೊಡ್ಡ ಆಯ್ಕೆ

ಮೈಸೂರು ಸಿಲ್ಕ್ ಅಂದ್ರೆ ಇಲ್ಲಿ ನಾನು ಹೇಳ್ತಿರೋದು ಕೆಎಸ್‌ಐಸಿದು, ಅಂದ್ರೆ ಕರ್ನಾಟಕ ಸರ್ಕಾರದ ರೇಷ್ಮೆ ನಿಗಮದ್ದು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾದ ಮೈಸೂರಿನ ಫ್ಯಾಕ್ಟರೀಲಿ ಈಗ್ಲೂ ನೇಯ್ತಾರೆ, ಜರಿಗೆ 65 ಪರ್ಸೆಂಟ್ ಬೆಳ್ಳಿ, 0.65 ಪರ್ಸೆಂಟ್ ಚಿನ್ನ, ಒಂದೊಂದು ಸೀರೆಗೂ ಅದರದ್ದೇ ನಂಬರ್ ಇರತ್ತೆ. ಇದು ಕ್ರೇಪ್, ಅಂದ್ರೆ ನೂಲನ್ನ ಚೆನ್ನಾಗಿ ಹುರಿ ಮಾಡಿ ನೇಯೋದು, ಅದಕ್ಕೇ ಮೈಗೆ ಅಂಟ್ಕೊಂಡ ಹಾಗೆ ಬೀಳತ್ತೆ, ನೆರಿಗೆ ತಾನಾಗೇ ಕೂರತ್ತೆ, ದಪ್ಪ ಕಾಣಲ್ಲ, ಕಾರಲ್ಲಿ ಕೂತು ಎದ್ರೆ ಕೈಯಲ್ಲಿ ಒಂದು ಸಲ ಸವರಿದ್ರೆ ಸಾಕು. ಸಣ್ಣಗಿರೋರಿಗೂ ದಪ್ಪಗಿರೋರಿಗೂ ಒಪ್ಪೋ ಸೀರೆ ಅದು. ಸೊಂಟ ನೋವು, ಮಂಡಿ ನೋವು ಇರೋರು, ಮಣೆ ಮೇಲೆ ಕೂತು ಏಳೋದೇ ಕಷ್ಟ ಅನ್ನೋರಿಗೆ ಇದಕ್ಕಿಂತ ಒಳ್ಳೇದಿಲ್ಲ.

ತೊಂದರೆ ಇರೋದು ನೀರಲ್ಲಿ. ಕ್ರೇಪ್ ನೂಲಿಗೆ ನೀರು ಬಿದ್ರೆ ಅಲ್ಲಲ್ಲೇ ಮುದುರ್ಕೊಳತ್ತೆ, ಒಣಗಿದ್ಮೇಲೆ ಆ ಜಾಗ ಬೇರೇನೇ ಕಾಣತ್ತೆ, ಧಾರೆ ಹೊತ್ತಲ್ಲಿ ಅಷ್ಟಾಗಿ ಗೊತ್ತಾಗಲ್ಲ, ಮಧ್ಯಾಹ್ನ ಗ್ರೂಪ್ ಫೋಟೋಗೆ ನಿಂತಾಗ ಗೊತ್ತಾಗತ್ತೆ, ಅದೂ ಪ್ಲೇನ್ ಒಡಲಿನ ತಿಳಿ ಬಣ್ಣ ಆದ್ರೆ ಇನ್ನೂ ಎದ್ದು ಕಾಣತ್ತೆ. ಇನ್ನೊಂದು, ಹತ್ತಿರದಿಂದ ನೋಡಿದ್ರೆ ಎಷ್ಟು ಚಂದವೋ ದೂರದಿಂದ ಅಷ್ಟು ಗ್ರ್ಯಾಂಡ್ ಕಾಣಲ್ಲ, ದೊಡ್ಡ ಮಂಟಪದಲ್ಲಿ ಐನೂರು ಜನರ ಮಧ್ಯೆ ಹುಡುಗಿ ಅಮ್ಮ ಯಾರು ಅಂತ ಹುಡುಕ್ಬೇಕಾಗತ್ತೆ. ಆಮೇಲೆ ಸಿಗೋ ಕಷ್ಟ, ಶೋರೂಮಲ್ಲಿ ಕ್ಯೂ, ಬೇಕಾದ ಬಣ್ಣ ಇಲ್ಲ, ನಾಳೆ ಬನ್ನಿ. ಮದುವೆಗೆ ಹದಿನೈದು ದಿನ ಇದೆ ಅನ್ನುವಾಗ ಹೋಗಿ ನಿಂತ್ರೆ ಬಣ್ಣ ನೀವು ಆರಿಸಲ್ಲ, ಏನು ಸಿಗತ್ತೋ ಅದನ್ನ ತರ್ತೀರ.

ಕಂಚಿ ಸೀರೆದು ಸ್ವಭಾವವೇ ಬೇರೆ. ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ, ಅದನ್ನ ಮೂರು ಲಾಳಿ ಹಾಕಿ ಸೇರಿಸಿ ನೇಯೋದು, ಕೊರ್ವೈ ಅಂತಾರೆ ಅಲ್ಲಿನ ನೇಕಾರರು. ಆ ಕೂಡೋ ಜಾಗದಲ್ಲಿ ಹಲ್ಲು ಹಲ್ಲಾಗಿ ಗೆರೆ ಕಾಣತ್ತೆ, ಸೆರಗು ಶುರುವಾಗೋ ಕಡೆ ಬಣ್ಣ ಬದಲಾಗೋ ಜಾಗದಲ್ಲೂ ಹಾಗೇ, ಅದಕ್ಕೆ ಪೆಟ್ನಿ ಅಂತಾರೆ. ಅಂಗಡೀಲಿ ಕೈಮಗ್ಗದ್ದು ಅಂತ ಹೇಳಿದ್ರೆ ಸೀರೆ ತಿರುಗಿಸಿ ಆ ಗೆರೆ ನೋಡಿ. (ಅಂದ ಹಾಗೆ ಆ ಸೀರೆಗೆ ಹೋಗೋ ರೇಷ್ಮೆ ನೂಲು ಬಹಳಷ್ಟು ನಮ್ಮ ರಾಮನಗರ, ಕೋಲಾರ ಕಡೆ ಗೂಡಿಂದೇ, ಅಲ್ಲಿ ಹೋಗಿ ಸೀರೆಯಾಗಿ ವಾಪಸ್ ಬರತ್ತೆ.) ಬಟ್ಟೆ ಗಟ್ಟಿ, ತೂಕ ಇರತ್ತೆ, ಜರಿ ಜಾಸ್ತಿ ಆದ್ರೆ ಮುಕ್ಕಾಲು ಕೇಜಿ, ಇನ್ನೂ ಭಾರದ್ದೂ ಇದೆ. ಆ ತೂಕಾನೇ ಧಾರೆಗೆ ಅನುಕೂಲ, ಸೆರಗು ಪಿನ್ ಹಾಕಿ ಒಮ್ಮೆ ಕೂರಿಸಿದ್ರೆ ಜಾರಲ್ಲ, ನೆರಿಗೆ ಮೇಲೆ ನಾಲ್ಕು ಹನಿ ನೀರು ಬಿದ್ರೂ ಒಡಲಲ್ಲಿ ಬುಟ್ಟ, ಚೆಕ್ಸ್ ಇದ್ರೆ ಕಾಣಲ್ಲ. ಫೋಟೋದಲ್ಲಿ ಅಂಚು ಎದ್ದು ಕಾಣತ್ತೆ.

ಆದ್ರೆ ಏಪ್ರಿಲ್ ಮೇ ಮದುವೆಗೆ, ಎಸಿ ಇಲ್ಲದ ಛತ್ರದಲ್ಲಿ, ಹೋಮದ ಮುಂದೆ ಕೂತು ಭಾರದ ಕಂಚಿ ಉಡಿಸೋದು ಅನ್ಯಾಯ. ಬಳ್ಳಾರಿ ರಾಯಚೂರು ಕಡೆ ಬೇಸಿಗೆ ಮದುವೆ ಆದ್ರೆ ನಾನಂತೂ ಬೇಡ ಅಂತೀನಿ. ಇನ್ನೊಂದು ವಿಷ್ಯ ಅಂಗಡೀಲಿ ಯಾರೂ ಹೇಳಲ್ಲ, ಹೊಸ ಕಂಚಿ ಸೀರೆ ಗಟ್ಟಿಯಾಗಿ ಉಬ್ಬಿ ನಿಲ್ಲತ್ತೆ, ಕುಳ್ಳಗಿರೋರಿಗೆ ಆರೇಳು ಇಂಚಿನ ಬಾರ್ಡರ್ ಹಾಕಿದ್ರೆ ಸೀರೆ ನಡ್ಕೊಂಡು ಬಂದ ಹಾಗಿರತ್ತೆ. ಅವರಿಗೆ ಎರಡೂವರೆ ಮೂರು ಇಂಚು ಬಾರ್ಡರ್ ಸಾಕು, ಜರಿ ಆಸೆ ಇದ್ರೆ ಸೆರಗಲ್ಲಿ ಹಾಕ್ಸಿ.

ನನ್ನ ತೀರ್ಮಾನ ಕೇಳಿದ್ರೆ, ಹುಡುಗಿ ಅಮ್ಮಂಗೆ ಧಾರೆಗೆ ಮಧ್ಯಮ ತೂಕದ, ಒಡಲಲ್ಲಿ ಏನಾದ್ರೂ ಸಣ್ಣ ನೇಯ್ಗೆ ಇರೋ ಕಂಚಿ, ಸಂಜೆ ಮೈಸೂರು ಸಿಲ್ಕ್. ಹುಡುಗನ ಅಮ್ಮಂಗೆ ಉಲ್ಟಾ, ಬೆಳಗ್ಗೆ ಮೈಸೂರು ಸಿಲ್ಕ್, ರಿಸೆಪ್ಷನ್ನಿಗೆ ಬೇಕಾದ್ರೆ ಭಾರದ್ದು, ಎಸಿ ಹಾಲ್ ಆದ್ರೆ ಮಾತ್ರ.

ಬೇರೆ ಸೀರೆಗಳು

ಇಳಕಲ್ ಅಂದ್ರೆ ದಿನಾ ಉಡೋ ಸೀರೆ ಅಂತ ಬೆಂಗಳೂರಲ್ಲಿ ಒಂದು ತಾತ್ಸಾರ ಇದೆ, ಅದು ಸರಿಯಿಲ್ಲ. ಬಾಗಲಕೋಟೆ ಕಡೆ ಮದುವೇಲಿ ಕೆಂಪು ಟೋಪ್ ತೆನಿ ಸೆರಗು, ಗೋಮಿ ಇಲ್ಲಾ ಚಿಕ್ಕಿ ಪರಾಸ ದಡಿ (ಇವೆಲ್ಲ ಇಳಕಲ್ಲಿನ ಸೆರಗು, ಅಂಚಿನ ವಿನ್ಯಾಸದ ಹೆಸರು) ಇರೋ ಪ್ಯೂರ್ ರೇಷ್ಮೆ ಇಳಕಲ್ ಉಟ್ಟ ಹುಡುಗನ ಅವ್ವ ಮುಂದೆ ಬಂದ್ರೆ ಎಷ್ಟು ಜರಿ ಸೀರೆ ಇದ್ರೂ ಕಣ್ಣು ಅಲ್ಲೇ ಹೋಗತ್ತೆ. ಒಡಲಿನ ಹಾಸನ್ನೂ (ಮಗ್ಗದ ಉದ್ದದ ಎಳೆಗಳು) ಸೆರಗಿನ ಹಾಸನ್ನೂ ಕೊಂಡಿ ಹಾಕಿ ಜೋಡಿಸಿ ನೇಯೋದು ಅದರ ವಿಶೇಷ. ಮೇಲೆ ಕಸೂತಿ ಹಾಕ್ಸಿದ್ರೆ, ಕೈ ಕಸೂತಿ ಆದ್ರೆ, ತಿಂಗಳುಗಟ್ಟಲೆ ಮೊದ್ಲೇ ಕೊಡ್ಬೇಕು, ಅರ್ಜೆಂಟಲ್ಲಿ ಮಾಡಿಕೊಡ್ತೀವಿ ಅಂದ್ರೆ ಅದು ಮಷಿನ್ನಿಂದು. ಹತ್ತಿ ರೇಷ್ಮೆ ಮಿಶ್ರ ಇರೋದೂ ಇದೆ, ಅದು ಬೇಸಿಗೆಗೆ ದೇವರ ಸಮಾರಾಧನೆಗೆ, ಚಪ್ಪರದ ದಿನಕ್ಕೆ ಬಹಳ ಹಾಯ್.

ಮೊಳಕಾಲ್ಮೂರು ಸೀರೆ ಚಿತ್ರದುರ್ಗ ಜಿಲ್ಲೆದು, ಕಂಚಿ ಥರಾನೇ ಅಂಚು ಸೇರಿಸಿ ನೇಯ್ತಾರೆ, ಆದ್ರೆ ಹೆಸರು ಅಷ್ಟಾಗಿ ಆಗ್ಲಿಲ್ಲ, ಅದಕ್ಕೇ ಅದೇ ಗುಣಮಟ್ಟ ಕಮ್ಮಿ ದುಡ್ಡಿಗೆ ಸಿಗತ್ತೆ. ಅಲ್ಲಿಗೇ ಹೋಗಿ ಮಗ್ಗದವರ ಮನೇಲಿ ತಗೊಳ್ಳೋಕೆ ಆದ್ರೆ ಬಿಡ್ಬೇಡಿ. ಧರ್ಮಾವರಂ ಗಟ್ಟಿ ಸೀರೆ, ಭಾರ, ಜರಿ ಅಗಲ, ರಿಸೆಪ್ಷನ್ನಿಗೆ ಸರಿ. ಬನಾರಸ್ ಸೀರೆ ಎಲ್ಲರೂ ಕೇಳ್ತಾರೆ, ಚಂದ ಇದೆ, ಆದ್ರೆ ಹಿಂಭಾಗದಲ್ಲಿ ಬಿಟ್ಟ ದಾರ ಇರೋದಾದ್ರೆ ಕಾಲುಂಗುರ ಬಳೆಗೆ ಸಿಕ್ಕಿಹಾಕ್ಕೊಳತ್ತೆ, ಮಣೆ ಮೇಲೆ ಕೂತು ಏಳೋರಿಗೆ ಬೇಡ. ಸಾಫ್ಟ್ ಸಿಲ್ಕ್ ಅಂತ ಮಾರೋದು ಹಗುರ, ಮೆಹಂದಿ ಅರಿಶಿನ ಶಾಸ್ತ್ರಕ್ಕೆ ಓಕೆ. ಅರಿಶಿನದ ದಿನಕ್ಕೆ ದುಬಾರಿ ಸೀರೆ ಉಡಿಸಿ ಆಮೇಲೆ ಕಲೆ ಹೋಗ್ಲಿಲ್ಲ ಅಂತ ಡ್ರೈಕ್ಲೀನಿಂಗ್ ಅವನ ಹತ್ರ ಜಗಳ ಆಡೋದು ಬೇಡ, ಹಳೇ ಕಾಟನ್ ಉಡಿಸಿ.

ಸೀರೆ ಉಡದೇ ಇರೋ ಅಮ್ಮಂದಿರೂ ಈಗ ಇದ್ದಾರೆ. ವರ್ಷಪೂರ್ತಿ ಚೂಡಿದಾರ್ ಹಾಕೋರಿಗೆ ಸಂಗೀತ್, ಮೆಹಂದಿಗೆ ರೇಷ್ಮೆ ಕುರ್ತಾ ಸೆಟ್ ಹಾಕ್ಸಿ, ಧಾರೆ ಒಂದಕ್ಕೆ ಮಾತ್ರ ಸೀರೆ ಅಂದ್ರೆ ಒಪ್ತಾರೆ. ಲೆಹೆಂಗಾ ಬಗ್ಗೆ ನನ್ನ ಕೇಳ್ಬೇಡಿ, ಐವತ್ತೈದರ ಮೇಲೆ ಅಷ್ಟು ತೂಕದ ಲಂಗ ಸೊಂಟಕ್ಕೆ ಕಟ್ಟಿ ಮೂರು ಗಂಟೆ ನಿಲ್ಲಿಸೋದು ಯಾಕೆ?

ಕಚ್ಚೆ ಉಡ್ಬೇಕಾದ ಮನೆಗಳಲ್ಲಿ

ಮಾಧ್ವರ ಮನೆಗಳಲ್ಲಿ, ಅಯ್ಯಂಗಾರ್‌ ಮನೆಗಳಲ್ಲಿ ಶಾಸ್ತ್ರಕ್ಕೆ ಹದಿನೆಂಟು ಮೊಳದ ಸೀರೆನೇ ಆಗ್ಬೇಕು ಅಂತ ಇದ್ರೆ ಇನ್ನೊಂದು ಪ್ರಶ್ನೆ ಬರತ್ತೆ, ಒಂಬತ್ತು ಗಜದ್ದು ಹೊಸದಾಗಿ ತಗೋಬೇಕಾ, ಇಲ್ಲ ಹೊಲಿಸಿರೋ ರೆಡಿಮೇಡ್ ಕಚ್ಚೆನಾ. ರೂಢಿ ಇರೋರು ಅಸಲಿದೇ ಉಡ್ಲಿ, ಅದರಷ್ಟು ಆರಾಮಾಗಿ ಚಕ್ಳಮಕ್ಳ ಹಾಕಿ ಕೂರೋಕೆ ಆರು ಗಜದ್ದರಲ್ಲಿ ಆಗಲ್ಲ. ರೂಢಿ ಇಲ್ಲದೋರು ಹೊಲಿಸಿರೋದು ತಗೊಳ್ಳಿ, ಬೆಳಗಿನ ಜಾವ ನಾಲ್ಕು ಗಂಟೆಗೆ ಉಡಿಸೋ ಅತ್ತೆ ಎಲ್ಲಿ ಅಂತ ಛತ್ರ ಪೂರ್ತಿ ಹುಡುಕೋದು ತಪ್ಪತ್ತೆ. ಹೊಲಿಸಿದ್ದು ಮಡಿಗೆ ಆಗತ್ತಾ ಅನ್ನೋದು ಮನೆ ಹಿರಿಯರನ್ನ ಮೊದ್ಲೇ ಕೇಳಿ, ಕೆಲವರು ಒಪ್ಪಲ್ಲ. ಒಂಬತ್ತು ಗಜಕ್ಕೆ ಭಾರದ ಜರಿ ಬೇಡವೇ ಬೇಡ, ಕಾಲ ಮಧ್ಯೆ ಜರಿ ಉಜ್ಜಿ ತುರಿಕೆ ಆಗತ್ತೆ. ನಾಂದಿಗೆ, ಧಾರೆಗೆ ಇದು ಉಟ್ಟು ಆಮೇಲೆ ಊಟಕ್ಕೆ ಮುಂಚೆ ಆರು ಗಜಕ್ಕೆ ಬದಲಾಯಿಸೋರೇ ಜಾಸ್ತಿ, ಹಾಗಾಗಿ ದುಡ್ಡನ್ನ ಎರಡನೇ ಸೀರೆ ಮೇಲೆ ಹಾಕಿ.

ಜರಿ ನೋಡೋದು, ದುಡ್ಡಿನ ವಿಷ್ಯ

ಬೆಳ್ಳಿ ರೇಟು ಏರಿದ ಮೇಲೆ ಅಸಲಿ ಜರಿ ಸೀರೆ ಎಲ್ಲರ ಕೈಗೂ ಎಟುಕಲ್ಲ. ಅಸಲಿ ಜರಿ ಅಂದ್ರೆ ರೇಷ್ಮೆ ದಾರಕ್ಕೆ ಬೆಳ್ಳಿ ಸುತ್ತಿ ಚಿನ್ನದ ನೀರು ಕೊಟ್ಟಿದ್ದು, ಟೆಸ್ಟೆಡ್ ಜರಿ ಅಂದ್ರೆ ಒಳಗೆ ತಾಮ್ರ, ಇನ್ನೂ ಅಗ್ಗದ್ದು ಪ್ಲಾಸ್ಟಿಕ್ ಜರಿ. ಅಂಚಿನ ತುದೀಲಿ ಬಿಟ್ಟಿರೋ ಜರಿ ಎಳೆ ಒಂದು ತೆಗೆದು ಉಗುರಲ್ಲಿ ಕೆರೆದು ನೋಡಿ, ಮೇಲಿನ ಸುತ್ತು ಬಿಚ್ಚಿದ್ರೆ ಒಳಗೆ ಕೆಂಪು ರೇಷ್ಮೆ ಎಳೆ ಬಂದು, ಸುತ್ತಿದ್ದು ಬೆಳ್ಳಗೆ ಕಂಡ್ರೆ ಒಳ್ಳೇದು, ತಾಮ್ರದ ಬಣ್ಣ ಬಂದ್ರೆ ಟೆಸ್ಟೆಡ್. ಟೆಸ್ಟೆಡ್ ಜರಿ ತಗೊಳ್ಳೋದೇನೂ ತಪ್ಪಲ್ಲ, ಅಸಲಿ ರೇಟು ಕೊಟ್ಟು ತಗೊಂಡ್ರೆ ತಪ್ಪು. ಕೆಲವು ವರ್ಷಕ್ಕೆ ಕಪ್ಪಾಗತ್ತೆ ಅಂತ ಗೊತ್ತಿದ್ದು ಅರ್ಧ ಬೆಲೆಗೆ ತಗೊಂಡು ಮದುವೆ, ಗೃಹಪ್ರವೇಶ, ಸೀಮಂತ ಅಂತ ಉಟ್ಟು ಮುಗಿಸೋದೂ ಒಂದು ಲೆಕ್ಕ. ರೇಷ್ಮೆಗೆ ಸಿಲ್ಕ್ ಮಾರ್ಕ್ ಚೀಟಿ ನೋಡಿ, ಕೇಂದ್ರ ರೇಷ್ಮೆ ಮಂಡಳಿಯವರು 2004ರಿಂದ ಕೊಡ್ತಿದ್ದಾರೆ, ಆದ್ರೆ ಅದು ರೇಷ್ಮೆ ಶುದ್ಧ ಅಂತ ಹೇಳತ್ತೆ ಅಷ್ಟೇ, ಜರಿ ಬಗ್ಗೆ ಅಲ್ಲ. ಇದನ್ನ ಬೆರೆಸಿ ಮಾತಾಡೋ ಸೇಲ್ಸ್‌ನವರು ಬಹಳ.

ಬೀಗರ ನಡುವೆ ಇರೋ ಕೊಸರಾಟ ಬೇರೆ. ಎಷ್ಟೋ ಕಡೆ ಹುಡುಗನ ಅಮ್ಮಂಗೆ ಹುಡುಗಿ ಕಡೆಯವರು, ಹುಡುಗಿ ಅಮ್ಮಂಗೆ ಹುಡುಗನ ಕಡೆಯವರು ಸೀರೆ ಕೊಡ್ತಾರೆ, ಒಬ್ರು ಮೂವತ್ತು ಸಾವಿರದ್ದು ಕೊಟ್ಟು ಇನ್ನೊಬ್ರು ಎಂಟು ಸಾವಿರದ್ದು ಕೊಟ್ರೆ ಮಾತು ಮಗು ಹುಟ್ಟೋ ತನಕ ನಡೆಯತ್ತೆ. ಬೀಗಿತ್ತಿಯರಿಬ್ರೂ ಒಟ್ಟಿಗೆ ಅಂಗಡಿಗೆ ಹೋಗೋದು ಒಳ್ಳೇದು. ಆಗ್ಲಿಲ್ವಾ, ಒಂದು ಮೊತ್ತ ಅಂತ ಮಾತಾಡ್ಕೊಂಡು ಅವರವರ ಸೀರೆ ಅವರೇ ಆರಿಸ್ಲಿ, ಬಿಲ್ಲು ಯಾರಾದ್ರೂ ಕಟ್ಟಿ. ಎದುರಿನವರು ಆರಿಸಿದ ಸೀರೆ ಇಷ್ಟ ಇಲ್ದೇ ಮಂಟಪದಲ್ಲಿ ಉಟ್ಕೊಂಡು ನಿಂತ ಮುಖ ಆಲ್ಬಮ್ಮಲ್ಲಿ ಹಾಗೇ ಉಳಿಯತ್ತೆ.

ಬಣ್ಣ

ಹುಡುಗಿಯ ಧಾರೆ ಸೀರೆ ಬೆಳ್ಳಗೆ ಕೆಂಪಂಚಿಂದು ಆದ್ರೆ ಅಮ್ಮಂದಿರು ಕ್ರೀಮ್, ಹಾಲುಬಣ್ಣ ಬಿಡಿ, ಫೋಟೋದಲ್ಲಿ ಎರಡೂ ಒಂದಕ್ಕೊಂದು ಸೇರಿ ಹೋಗತ್ತೆ. ಕಪ್ಪು ಹಿರಿಯರು ಒಪ್ಪಲ್ಲ, ಜಗಳ ಬೇಡ ಅಂದ್ರೆ ನೇರಳೆನೋ ಕಡು ನೀಲಿನೋ ತಗೊಳ್ಳಿ. ರಾಣಿ ಪಿಂಕ್, ಗಿಳಿ ಹಸಿರು ಎಲ್ಲ ಅಂಗಡಿಯ ಟ್ಯೂಬ್‌ಲೈಟಲ್ಲಿ ಒಂಥರ, ಮಂಟಪದ ಹಳದಿ ಲೈಟಲ್ಲಿ ಇನ್ನೊಂಥರ, ಹಾಗಾಗಿ ಸೀರೆನ ಬಾಗಿಲ ಹತ್ರ ಬಿಸಿಲಿಗೆ ತಗೊಂಡು ಹೋಗಿ ಒಂದು ಫೋಟೋ, ಒಳಗೆ ಒಂದು ಫೋಟೋ ತೆಗೀರಿ. ಇಬ್ರು ಅಮ್ಮಂದಿರಿಗೂ ಒಂದೇ ಬಣ್ಣ ಮ್ಯಾಚಿಂಗ್ ಅಂತ ಈಗೊಂದು ಹುಚ್ಚು ಬಂದಿದೆ, ಸ್ಕೂಲ್ ಯೂನಿಫಾರಂ ಥರ ಕಾಣತ್ತೆ, ಬೇಡ. ಒಬ್ರು ಹಸಿರು ಒಡಲಿಗೆ ಕೆಂಪಂಚು, ಇನ್ನೊಬ್ರು ಅರಿಶಿನ ಒಡಲಿಗೆ ಹಸಿರಂಚು, ಹೀಗೆ ಒಂದು ಬಣ್ಣ ಇಬ್ರಲ್ಲೂ ಇದ್ರೆ ಸಾಕು.

ಗಂಡ ತೀರ್ಕೊಂಡಿರೋ ಅಮ್ಮ ಆದ್ರೆ ಇನ್ನೂ ಎಷ್ಟೋ ಮನೇಲಿ "ಅವರಿಗೊಂದು ತಿಳಿ ಬಣ್ಣದ್ದು ಕೊಡಿ" ಅಂತ ಅಂಗಡೀಲೇ ಅವರ ಎದುರಿಗೇ ಹೇಳ್ತಾರೆ. ಮಗಳನ್ನ ಒಬ್ಬಳೇ ಬೆಳೆಸಿದ ಹೆಂಗಸಿಗೆ ಅವತ್ತು ಯಾವ ಬಣ್ಣ ಅಂತ ಹೇಳೋಕೆ ನೆಂಟರು ಯಾರು? ಧಾರೆ ಎರೆಯೋಕೆ ಚಿಕ್ಕಪ್ಪ ಚಿಕ್ಕಮ್ಮ ಕೂರ್ತಾರೆ ಅಂತ ಆಗಿದ್ರೂ ಅಮ್ಮನ ಸೀರೆ ಅವರಷ್ಟೇ ಗ್ರ್ಯಾಂಡ್ ಇರ್ಲಿ, ಜವಳಿ ತೆಗೆಯೋ ದಿನ ಮೊದಲ ಸೀರೆ ಅವರಿಗೇ ತೆಗೀರಿ.

ಬ್ಲೌಸು

ಸೀರೆಗಿಂತ ಹೆಚ್ಚು ತೊಂದರೆ ಕೊಡೋದು ಇದೇ. ಆರಿ ವರ್ಕ್ ತೋಳಲ್ಲಿ ಹಾಕ್ಸಿ, ಬೆನ್ನಲ್ಲಿ ಕಮ್ಮಿ ಮಾಡಿ, ಕುರ್ಚಿಗೆ ಒರಗಿದ್ರೆ ಮಣಿ ಚುಚ್ಚತ್ತೆ. ಕಂಕುಳ ಹತ್ರ ವರ್ಕ್ ಬೇಡವೇ ಬೇಡ, ಗಿಂಡಿ ಎತ್ತಬೇಕು. ಟೈಲರ್ ಹತ್ರ ಟ್ರಯಲ್ ನೋಡುವಾಗ ಬಲಗೈ ಭುಜದ ಮೇಲಕ್ಕೆ ಎತ್ತಿ, ಸ್ವಲ್ಪ ಬಗ್ಗಿ ನೋಡಿ, ಹಾಗೇ ಒಳಗೆ ಎರಡು ಹೊಲಿಗೆಯಷ್ಟು ಬಟ್ಟೆ ಬಿಡಿಸಿ, ಮದುವೆ ಓಡಾಟದಲ್ಲಿ ಸಣ್ಣ ಆಗೋರೂ ಇದ್ದಾರೆ, ಬೀಗರ ಮನೆ ಊಟಗಳಲ್ಲಿ ದಪ್ಪ ಆಗೋರೂ ಇದ್ದಾರೆ. ಮಕ್ಕಳು ಅಮೆರಿಕಾದಲ್ಲಿದ್ದು ಅಲ್ಲೇ ಮದುವೆ ಆದ್ರೆ ಎಲ್ಲಾ ಹೊಲಿಸಿ, ಕುಚ್ಚು ಕಟ್ಟಿಸಿ, ಫಾಲ್ ಹಾಕ್ಸಿ, ನೆರಿಗೆ ಹಿಡಿಸಿ ಬಾಕ್ಸ್ ಫೋಲ್ಡಿಂಗ್ ಮಾಡಿಸೇ ಸೂಟ್‌ಕೇಸಿಗೆ ಹಾಕಿ, ಅಲ್ಲಿ ಹೋಟೆಲ್ ಹಾಲಲ್ಲಿ ಎಸಿ ಥಂಡಿ, ಭಾರದ ಕಂಚಿ ಉಟ್ರೂ ಸೆಕೆ ಅನ್ಸಲ್ಲ.

ಬೀರುವಿನಲ್ಲಿರೋ ಹಳೇ ಸೀರೆ

"ಬೀರು ತುಂಬ ಇದೆ" ಅಂತ ಅಮ್ಮ ಹೇಳಿದ್ದು ಸುಮ್ನೆ ಅಲ್ಲದೇ ಇರಬಹುದು. ಅವರದ್ದೇ ಮದುವೆ ಸೀರೆ, ಅಜ್ಜಿ ಕೊಟ್ಟಿದ್ದು, ಆ ಕಾಲದ ಜರಿ ಈಗ ದುಡ್ಡು ಕೊಟ್ರೂ ಸುಲಭಕ್ಕೆ ಸಿಗಲ್ಲ, ಹಳೇ ಜರಿ ಸೀರೆ ಕೊಳ್ತೀವಿ ಅಂತ ಬೀದೀಲಿ ಕೂಗ್ಕೊಂಡು ಬರೋರು ಸುಮ್ನೆ ಬರ್ತಾರಾ. ಹೊಸದು ತಗೊಳೋ ಮುಂಚೆ ಅದನ್ನ ಹೊರಗೆ ತೆಗೆದು ಕಿಟಕಿ ಬೆಳಕಿಗೆ ಹಿಡೀರಿ. ಮಡಿಕೆ ಗೆರೆ ಉದ್ದಕ್ಕೂ ಸಣ್ಣ ಸಣ್ಣ ಬಿರುಕು ಕಂಡ್ರೆ, ಎರಡು ಕೈಲಿ ಹಿಡಿದು ಮೆಲ್ಲಗೆ ಎಳೆದಾಗ ಸರ್ ಅಂತ ಸೀಳಿದ್ರೆ ಉಡೋ ಆಸೆ ಬಿಡಿ, ಮಂಟಪದಲ್ಲಿ ಬಗ್ಗಿದಾಗ ಹರಿಯತ್ತೆ. ಒಡಲು ಹೋಗಿ ಅಂಚು ಸೆರಗು ಗಟ್ಟಿ ಇದ್ರೆ ಅದನ್ನ ಬಿಡಿಸಿ ಹೊಸ ರೇಷ್ಮೆ ಒಡಲಿಗೆ ಹಚ್ಚಿ ಕೊಡೋರು ಇದ್ದಾರೆ. ಎಲ್ಲಾ ಗಟ್ಟಿ ಇದ್ರೆ ಪಾಲಿಶ್, ರೋಲ್ ಪ್ರೆಸ್ ಮಾಡಿಸಿ, ಹೊಸ ಫಾಲ್, ಹೊಸ ಕುಚ್ಚು, ಬ್ಲೌಸಿಗೆ ಅಂಚಿನ ಬಣ್ಣದ್ದೇ ರೇಷ್ಮೆ ತುಂಡು. ಜರಿ ಮೇಲೆ ಸೆಂಟು ಹೊಡೀಬೇಡಿ, ನುಸಿಗುಳಿಗೆ ತಾಗಿಸ್ಬೇಡಿ. ಆ ಕಾಲದ ಕೆಲವು ಸೀರೆ ಉದ್ದ, ಅಗಲ ಈಗಿನಷ್ಟು ಇರಲ್ಲ, ಅಂಗಡಿಗೆ ಹೊರಡೋ ಮುಂಚೆ ಒಂದ್ಸಲ ಉಟ್ಟು ಹಿಮ್ಮಡಿ ಮುಚ್ಚತ್ತಾ ನೋಡ್ಕೊಳ್ಳಿ.